ಓದಿನ ಆತಂಕ: ದಾನಿಗಳಿಗೂ ಪೋಷಕರಿಗೂ ಒಂದು ಮಾತು

ಈ ವರ್ಷ ನವೀಕರಣದ ಅರ್ಜಿಗಳನ್ನು ಪರಿಶೀಲಿಸುವಾಗ, ಹಿಂದಿನ ವರ್ಷ ವಿದ್ಯಾರ್ಥಿವೇತನ ಪಡೆದ ಕೆಲವರು ಅರ್ಜಿಯನ್ನೇ ಹಾಕದಿರುವುದು ನಮ್ಮ ಗಮನಕ್ಕೆ ಬಂತು. ವಿಚಾರಿಸಿದಾಗ, ಒಂದು ವಿಷಯದಲ್ಲಿ ಫೇಲಾದ ಮೇಲೆ ಟ್ರಸ್ಟ್‌ಗೆ ಮುಖ ತೋರಿಸುವುದು ಹೇಗೆಂದು ಅವರು ಹೆದರಿದ್ದು ತಿಳಿಯಿತು. ಕೆಲವರು ಮನೆಯಲ್ಲೂ ಹೇಳಿರಲಿಲ್ಲ. ಆದ್ದರಿಂದ ಈ ಲೇಖನ.

ಪರೀಕ್ಷೆಗೆ ಮುನ್ನ ಸ್ವಲ್ಪ ಅಂಜಿಕೆ ಸಹಜ. ಅದು ನಮ್ಮನ್ನು ಓದಲು ಕೂರಿಸುತ್ತದೆ. ಅಂಜಿಕೆ ಮಿತಿ ಮೀರಿದರೆ ಅಪಾಯ ಎದುರಾದಾಗ ವರ್ತಿಸುವಂತೆ ದೇಹ ವರ್ತಿಸುತ್ತದೆ. ಅಡ್ರಿನಾಲಿನ್ ಹೆಚ್ಚಿ ಎದೆ ಬಡಿದುಕೊಳ್ಳುತ್ತದೆ, ಕೈ ಬೆವರುತ್ತದೆ, ನಿದ್ರೆ ಕೆಡುತ್ತದೆ. ಮನಸ್ಸು ಚಿಂತೆಯಲ್ಲೇ ಮುಳುಗಿರುವುದರಿಂದ ಓದಿದ್ದೂ ಸಮಯಕ್ಕೆ ನೆನಪಾಗುವುದಿಲ್ಲ. ಭಯದಿಂದ ಪುಸ್ತಕ ಮುಚ್ಚಿಟ್ಟರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆದರೆ ಉಳಿದ ಪಾಠ ಬೆಳೆದು ಭಯ ಇಮ್ಮಡಿಯಾಗುತ್ತದೆ. ಹೊರಗಿನವರಿಗೆ ಇದು ಸೋಮಾರಿತನದಂತೆ ಕಾಣುತ್ತದೆ.

ಹತ್ತನೇ ತರಗತಿವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಕೇಳುವವರಿಗೆ ಈ ಹೊರೆ ಹೆಚ್ಚು. ಮನೆಯಲ್ಲಿ ಮೊದಲು ಪದವಿಗೆ ಸೇರಿದವರಿಗೆ ಏನಾದರೂ ಕೇಳಿ ತಿಳಿಯಲು ಅಣ್ಣ, ಅಕ್ಕ ಯಾರೂ ಇರುವುದಿಲ್ಲ.

ವಿದ್ಯಾರ್ಥಿಗಳೇ, ಪರೀಕ್ಷೆಯ ಹಿಂದಿನ ರಾತ್ರಿ ಜಾಗರಣೆ ಬೇಡ. ಕಲಿತದ್ದು ನಿದ್ರೆಯಲ್ಲಿ ಗಟ್ಟಿಯಾಗುತ್ತದೆ. ಪುಸ್ತಕ ಮುಚ್ಚಿ, ಹಳೆಯ ಪ್ರಶ್ನೆಪತ್ರಿಕೆಗೆ ಉತ್ತರ ಬರೆದು ನೋಡಿ. ಪೋಷಕರೇ, ಅಂಕ ಕೇಳುವ ಮೊದಲು ಊಟ, ನಿದ್ರೆ ವಿಚಾರಿಸಿ. ಮಗ ಅಥವಾ ಮಗಳು ವಾರಗಟ್ಟಲೆ ನಿದ್ರೆಗೆಟ್ಟರೆ, ಕಾಲೇಜು ತಪ್ಪಿಸಿದರೆ ದುಆದ ಜೊತೆಗೆ ವೈದ್ಯರನ್ನೂ ಕಾಣಿ. ಬದುಕೇ ಬೇಡ ಎಂಬ ಮಾತು ಬಂದರೆ ಒಂಟಿಯಾಗಿ ಬಿಡದೆ ಆಗಲೇ ನೆರವು ಪಡೆಯಿರಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. 'ಎಲ್ಲ ವಿಷಯಗಳಲ್ಲೂ ತೇರ್ಗಡೆಯಾಗಿರಬೇಕು' ಎಂಬ ನಮ್ಮ ಅರ್ಜಿಯ ಸಾಲೇ ಕೆಲವರನ್ನು ಹೆದರಿಸಿತ್ತು. ಅದನ್ನು ತೆಗೆದಿದ್ದೇವೆ. ವಿಷಯ ಬಾಕಿ ಇರುವವರು ಅಂಕಪಟ್ಟಿಯೊಂದಿಗೆ ಕಾರಣ ತಿಳಿಸಿ ಅರ್ಜಿ ಹಾಕಬಹುದು. ಮರುಪರೀಕ್ಷೆಯವರೆಗೆ ನೆರವು ಮುಂದುವರಿಯುತ್ತದೆ.

ದಾನಿಗಳೇ, ನಿಮ್ಮ ಹಣ ನಮ್ಮ ಬಳಿಯಿರುವ ಅಮಾನತ್. ಹೆದರಿದ ವಿದ್ಯಾರ್ಥಿ ಅರ್ಧದಲ್ಲೇ ಓದು ಬಿಟ್ಟರೆ ಈವರೆಗೆ ಕಟ್ಟಿದ ಫೀಸೂ ವ್ಯರ್ಥ. ಇನ್ನೊಂದು ಅವಕಾಶ ಕೊಡುವುದು ಆ ಅಮಾನತ್ತನ್ನು ಕಾಯುವ ದಾರಿಯೆಂದು ನಾವು ತಿಳಿದಿದ್ದೇವೆ.