ಊರಿನಲ್ಲೊಂದು ನಿವೇಶನ: ಶುಐಬಾದಿಂದ ಕೆಲವು ಮಾತು

ಕೊಲ್ಲಿ ನಾಡಿನ ಅನಿವಾಸಿಗೂ ಅಮೆರಿಕದ ಅನಿವಾಸಿಗೂ ಒಂದು ಮೂಲಭೂತ ವ್ಯತ್ಯಾಸವುಂಟು. ಎಷ್ಟು ವರ್ಷ ದುಡಿದರೂ ಕುವೈತಿನಲ್ಲಿ ನಮ್ಮಂಥವರು ಸಾಮಾನ್ಯವಾಗಿ ಮನೆ ಕೊಳ್ಳಲಾರರು. ಇಕಾಮಾ ನೌಕರಿಯ ಬೆನ್ನಿಗೇ ಕಟ್ಟಿಕೊಂಡಿರುತ್ತದೆ. ನಾನಿರುವ ಶುಐಬಾದಲ್ಲಿ 1968ರಲ್ಲಿ ಆರಂಭವಾದ ತೈಲ ಸಂಸ್ಕರಣಾಗಾರ 2017ರಲ್ಲಿ ಮುಚ್ಚಿತು. 1990ರ ಆಗಸ್ಟ್ 2ರ ಇರಾಕಿ ಆಕ್ರಮಣದ ತರುವಾಯ ಉಟ್ಟ ಬಟ್ಟೆಯಲ್ಲಿ ಅಮ್ಮಾನ್ ಮಾರ್ಗವಾಗಿ ಊರು ಸೇರಿದ ಹಿರಿಯರ ಕಥೆಗಳನ್ನು ಕೇಳದವರಿಲ್ಲ. ಆದುದರಿಂದ ನಾಲ್ಕು ಕಾಸು ಉಳಿದೊಡನೆ 'ಊರಲ್ಲೊಂದು ಸೈಟು' ಎಂಬ ಹಂಬಲ ಸಹಜವೇ. ದಲ್ಲಾಳಿಗಳು ಬಲ್ಲದ್ದೂ ಈ ಆತುರವನ್ನೇ.

ನನ್ನ ಸಹೋದ್ಯೋಗಿಯೊಬ್ಬರು ಬೆಂಗಳೂರಿನ ಹೊರವಲಯದ ಬಡಾವಣೆಯೊಂದಕ್ಕೆ ಹನ್ನೊಂದು ವರ್ಷಗಳ ಉಳಿತಾಯ ತೆತ್ತರು. ಭೂಪರಿವರ್ತನೆಯೇ ಆಗದ ಹೊಲದಲ್ಲಿ ಕಲ್ಲು ನೆಟ್ಟು ಮಾಡಿದ ಬಡಾವಣೆ ಅದು. ಕೈಗೆ ಬಂದದ್ದು ಕ್ರಯಪತ್ರವಲ್ಲ, ಒಂದು ಕರಾರುಪತ್ರ ಹಾಗೂ ಒಂದು ಜಿಪಿಎ. ಇಂಥ ಕಾಗದಗಳಿಂದ ಒಡೆತನ ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ತೀರ್ಪಿತ್ತಿದೆ. ಮನೆ ಕಟ್ಟಲು ಹೋದಾಗ ಅಲ್ಲಿ ಬೇರೊಬ್ಬರ ಬೇಲಿ ಎದ್ದಿತ್ತು. "ಪತ್ರ ಓದಲು ಪುರುಸೊತ್ತೆಲ್ಲಿತ್ತು ಮಾರಾಯ್ರೆ, ರಜೆ ಇದ್ದದ್ದೇ ಹದಿನೈದು ದಿನ" ಎಂದರು. ನಾನು ಮರುಮಾತಾಡಲಿಲ್ಲ. ದಾವೆ ಇನ್ನೂ ನಡೆಯುತ್ತಿದೆ.

ಈಗ ಹೆಚ್ಚಾಗಿ ಕೇಳಿಬರುವ ಮಾತು, "ಕಾನೂನು ಬದಲಾಗಿದೆ, ತೋಟವನ್ನೇ ಕೊಳ್ಳಿ ಸರ್" ಎಂಬುದು. ಇದು ಅರ್ಧ ಸತ್ಯ. ಕೃಷಿಕರಲ್ಲದವರನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕರ್ನಾಟಕ 2020ರಲ್ಲಿ ತೆಗೆದುಹಾಕಿದ್ದು ನಿಜ. ಆದರೆ ಅನಿವಾಸಿಗಳನ್ನು ತಡೆಯುವುದು ಕೇಂದ್ರದ ವಿದೇಶೀ ವಿನಿಮಯ ಕಾನೂನು. ಅದರಂತೆ ಕೃಷಿ ಜಮೀನು, ತೋಟ, ಫಾರ್ಮ್‌ಹೌಸುಗಳನ್ನು ನಾವು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ. ಮನೆ, ಮಳಿಗೆಗಳಿಗೆ ಈ ನಿರ್ಬಂಧವಿಲ್ಲ.

ಮೂಲಪತ್ರದಿಂದ ಇಂದಿನವರೆಗಿನ ಕೊಂಡಿಗಳನ್ನೂ ಮೂವತ್ತು ವರ್ಷಗಳ ಋಣಭಾರ ಪತ್ರವನ್ನೂ ಸ್ವತಂತ್ರ ವಕೀಲರೊಬ್ಬರಿಂದ ಪರಿಶೀಲಿಸಿಸಬೇಕು; ಮಾರುವವರೇ ಸೂಚಿಸಿದ ವಕೀಲರು ಬೇಡ. ಋಣಭಾರ ಪತ್ರದಲ್ಲಿ ಕಾಣುವುದು ನೋಂದಾಯಿತ ವ್ಯವಹಾರಗಳು ಮಾತ್ರ. ಮಾರುವವನ ಅಕ್ಕತಂಗಿಯರ ಹಕ್ಕು ಅದರಲ್ಲಿ ಕಾಣದು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲುಂಟು. ಅವರ ಸಹಿ ಕೇಳಲು ಸಂಕೋಚ ಬೇಡ. ಭೂಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ಇ-ಖಾತಾ ಇವೆಯೇ ನೋಡಿರಿ. ಫ್ಲ್ಯಾಟಾದರೆ 2016ರ ರೇರಾ ಕಾಯ್ದೆಯಡಿ ಯೋಜನೆಯ ನೋಂದಣಿಯನ್ನು ಶುಐಬಾದಲ್ಲಿ ಕುಳಿತೇ ಅಂತರ್ಜಾಲದಲ್ಲಿ ತಾಳೆ ನೋಡಬಹುದು.

ಊರಿಗೆ ಹೋಗಲಾಗದಿದ್ದರೆ ಅಧಿಕಾರಪತ್ರ ಅನಿವಾರ್ಯ. ಭಾವಮೈದುನನೇ ಆಗಲಿ, ಸರ್ವಾಧಿಕಾರ ಬರೆದುಕೊಡದೆ, ಇಂಥ ಆಸ್ತಿಯ ಇಂಥ ನೋಂದಣಿಗೆಂದು ಸೀಮಿತಗೊಳಿಸಿ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿರಿ. ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ತೆರಬೇಕು. ಹಣವನ್ನು ಎನ್‌ಆರ್‌ಇ ಖಾತೆಯಿಂದ ಬ್ಯಾಂಕಿನ ಮೂಲಕವೇ ಕೊಟ್ಟು ರಶೀದಿಗಳನ್ನು ಜೋಪಾನವಾಗಿಡಿರಿ. ಮುಂದೆ ಮಾರಿದ ಹಣವನ್ನು ವಿದೇಶಕ್ಕೆ ತರುವಾಗ ಬ್ಯಾಂಕಿನವರು ಅವನ್ನೇ ಕೇಳುತ್ತಾರೆ.