ಮೈಗೆ ಸವರಿದ ಮದ್ದು ಒಳಸೇರುವ ಬಗೆ

ಚಳಿಗಾಲವು ಬಂದಿತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಒಣಗಾಳಿಗೆ ಹಿಮ್ಮಡಿ ಒಡೆಯದವರು ವಿರಳ. ಮಲಗುವಾಗ ಹರಳೆಣ್ಣೆಯನ್ನೋ ಅಂಗಡಿಯ ಮುಲಾಮನ್ನೋ ಸವರಿಕೊಳ್ಳುವುದು ರೂಢಿ. ಹಾಗೆ ಸವರಿದುದು ಮೇಲೆಯೇ ನಿಲ್ಲುವುದೋ, ರಕ್ತವನ್ನು ಸೇರುವುದೋ? ಗೃಹಸ್ಥರು ಇದನ್ನು ತಿಳಿದಿರುವುದು ಒಳ್ಳೆಯದು.

ಚರ್ಮದ ತೀರ ಹೊರಗಿನ ಪದರವು ಸತ್ತ ಜೀವಕೋಶಗಳಿಂದಾದುದು. ಶರೀರದ ಹೆಚ್ಚಿನ ಭಾಗದಲ್ಲಿ ಅದರ ದಪ್ಪವು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಇದನ್ನು ಗೋಡೆಗೆ ಹೋಲಿಸುವುದುಂಟು: ಕೆರಾಟಿನ್ ತುಂಬಿದ ಚಪ್ಪಟೆ ಕೋಶಗಳೇ ಇಟ್ಟಿಗೆಗಳು, ನಡುವಣ ಕೊಬ್ಬೇ ಗಾರೆ. ಮರ್ಮವಿರುವುದು ಈ ಗಾರೆಯಲ್ಲಿ. ಒಳಹೋಗುವ ವಸ್ತುವು ಬಹುಮಟ್ಟಿಗೆ ಇಟ್ಟಿಗೆಗಳನ್ನು ಬಳಸಿಕೊಂಡು ಗಾರೆಯೊಳಗೇ ಸಾಗುವುದು. ಆದುದರಿಂದ ಕೊಬ್ಬಿನಲ್ಲಿ ಕರಗದ ವಸ್ತುವಿಗೆ ಅಲ್ಲಿ ದಾರಿ ದುರ್ಲಭ. ತೀರ ಕೊಬ್ಬಿಗೇ ಅಂಟಿಕೊಳ್ಳುವುದಾದರೋ ಗಾರೆಯಲ್ಲಿಯೇ ನಿಂತುಬಿಡುವುದು. ಅಣುತೂಕವು 500ನ್ನು ಮೀರಿದ ವಸ್ತುಗಳು ಸಾಮಾನ್ಯವಾಗಿ ಹೊರಗುಳಿಯುವುವು. ಇನ್ಸುಲಿನ್ ಅಣುವಿನ ತೂಕ ಸುಮಾರು 5,800. ಅದನ್ನು ಸವರಿಕೊಂಡು ಫಲವಿಲ್ಲ. ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಚಿಕ್ಕ ಅಣು. ಡೈನಮೈಟ್ ಕಾರ್ಖಾನೆಗಳಲ್ಲಿ ಅದನ್ನು ಮುಟ್ಟಿದ ಕೆಲಸಗಾರರಿಗೆ ತಲೆಸಿಡಿತವೇ ಬರುತ್ತಿತ್ತು! ಈಗ ಅದೇ ಔಷಧವನ್ನು ಎದೆಗೆ ಅಂಟಿಸುವ ಪಟ್ಟಿಯಾಗಿ ಕೊಡುವರು.

ಗೋಡೆಯು ಎಲ್ಲೆಡೆಯೂ ಒಂದೇ ಬಗೆಯದಲ್ಲ. 1967ರಲ್ಲಿ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬವರು ಹೈಡ್ರೊಕಾರ್ಟಿಸೋನನ್ನು ಶರೀರದ ಬೇರೆಬೇರೆ ಭಾಗಗಳಿಗೆ ಲೇಪಿಸಿ ಅಳೆದರು. ಮುಂದೋಳಿನಲ್ಲಿ ಇಳಿದುದಕ್ಕಿಂತ ಹಣೆಯಲ್ಲಿ 6ರಷ್ಟು, ದವಡೆಯ ಬಳಿ 13ರಷ್ಟು, ವೃಷಣದ ಚರ್ಮದಲ್ಲಿ 42ರಷ್ಟು ಇಳಿಯಿತು. ಅಂಗಾಲಿನಲ್ಲಿ ಏಳರಲ್ಲೊಂದು ಪಾಲು ಮಾತ್ರ. ಹಿಮ್ಮಡಿಯು ಒಡೆದು ರಕ್ತ ಜಿನುಗುತ್ತಿದ್ದರೆ ಈ ಲೆಕ್ಕ ನಡೆಯದು, ಗೋಡೆಯೇ ಬಿರಿದಿರುವುದಲ್ಲವೆ?

ಹೀಗಿರಲು, ಮುಖ ಬೆಳ್ಳಗಾಗಲೆಂದೂ ಹುಳುಕಡ್ಡಿ ವಾಸಿಯಾಗಲೆಂದೂ ಸ್ಟಿರಾಯ್ಡ್ ಬೆರೆತ ಮುಲಾಮನ್ನು ತಾವಾಗಿಯೇ ಕೊಂಡು ತಿಂಗಳುಗಟ್ಟಲೆ ತಿಕ್ಕುವವರ ಧೈರ್ಯವು ನನಗೆ ಅರ್ಥವಾಗದು. ತುರಿಕೆಯು ಅಡಗುವುದು ನಿಜ; ಬೂಷ್ಟು ಮಾತ್ರ ಒಳಗೊಳಗೇ ಹರಡುವುದು, ಚರ್ಮವು ತೆಳುವಾಗುವುದು. ಹಸುಗೂಸುಗಳಲ್ಲಿ ಅಪಾಯವು ಹೆಚ್ಚು. ತೂಕಕ್ಕೆ ಹೋಲಿಸಿದರೆ ಅವುಗಳ ಚರ್ಮದ ವಿಸ್ತಾರವು ದೊಡ್ಡದು. ಮೇಲಾಗಿ ನೀರಿಳಿಯದ ಚಡ್ಡಿಯನ್ನು ಬಿಗಿದರೆ ಒದ್ದೆಯಾದ ಚರ್ಮವು ಇನ್ನಷ್ಟು ಹೀರುವುದು. ಬಲವಾದ ಸ್ಟಿರಾಯ್ಡನ್ನು ಅಲ್ಲಿ ಬಹುದಿನ ಹಚ್ಚಿದರೆ ಮೂತ್ರಪಿಂಡದ ಮೇಲಣ ಗ್ರಂಥಿಗಳ ಕಾರ್ಯವೇ ಕುಂದಬಹುದು. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಭಾರತ ಸರ್ಕಾರವು 2018ರಲ್ಲಿ ವಿಧಿಸಿತು.

ಮದ್ದಿಗೆ ತೆರೆದ ದಾರಿ ವಿಷಕ್ಕೂ ತೆರೆದಿರುವುದು. ನಮ್ಮ ಕಡಲೆಕಾಯಿ ಹೊಲಗಳಲ್ಲಿ ಕಂಬಳಿಹುಳುವಿಗೆಂದು ಸಿಂಪಡಿಸುವ ಕೀಟನಾಶಕಗಳಲ್ಲಿ ಆರ್ಗನೋಫಾಸ್ಫೇಟ್ ವರ್ಗದವು ಕೊಬ್ಬಿನಲ್ಲಿ ಸುಲಭವಾಗಿ ಕರಗಿ ಚರ್ಮದಲ್ಲಿ ಇಳಿದು ನರಗಳನ್ನು ಕೆಡಿಸುವುವು. ಬಿಸಿಲು, ಬೆವರು, ನೆಂದ ಅಂಗಿ, ಇವೆಲ್ಲವೂ ಅದಕ್ಕೆ ನೆರವು. ಸಿಂಪಡಿಸಿ ಬಂದವನು ಊಟಕ್ಕೆ ಮೊದಲೇ ಸೋಪಿನಿಂದ ಮೈ ತೊಳೆಯತಕ್ಕದ್ದು. ಅವನ ಅಂಗಿಯನ್ನು ಮಕ್ಕಳ ಬಟ್ಟೆಯೊಡನೆ ನೆನೆಹಾಕದೆ ಬೇರೆಯಾಗಿಯೇ ಒಗೆಯತಕ್ಕದ್ದು.