ದಿಲ್ಲಿಯ ಫ್ಲ್ಯಾಟ್‌ನಲ್ಲಿ ಸ್ನ್ಯಾಪಿಂಗ್ ಟರ್ಟಲ್: ತೊಟ್ಟಿ ಇಡುವ ಮುನ್ನ ಈ ವಿಷಯ ತಿಳಿದಿರಲಿ

ನವದೆಹಲಿ: ಅಂಗೈಯಲ್ಲಿ ಹಿಡಿಸುವ ಪುಟ್ಟ ಆಮೆ ಮರಿ ಯಾರಿಗೆ ತಾನೇ ಇಷ್ಟವಾಗುವುದಿಲ್ಲ? ಆದರೆ ಉತ್ತರ ಅಮೆರಿಕ ಮೂಲದ ಸ್ನ್ಯಾಪಿಂಗ್ ಟರ್ಟಲ್‌ನ ಚಿಪ್ಪು ಒಂದು ಅಡಿಯವರೆಗೂ ಬೆಳೆಯುತ್ತದೆ, ತೂಕ 10 ಕೆಜಿ ದಾಟಬಹುದು. ಹಲವು ದಶಕ ಬದುಕುವ ಈ ಆಮೆಗೆ ಸಣ್ಣ ಮೀನಿನ ತೊಟ್ಟಿ ಸಾಲದು.

ಮೊದಲು ನೋಂದಣಿ
ಈ ಆಮೆ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ 'ಸೈಟ್ಸ್' ಒಪ್ಪಂದದ ಪಟ್ಟಿಯಲ್ಲಿದೆ. ಫೆಬ್ರವರಿ 2024ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ, ಇಂತಹ ವಿದೇಶಿ ಪ್ರಾಣಿ ಸಾಕುವವರು 'ಪರಿವೇಶ್ 2.0' ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ನಕ್ಷತ್ರ ಆಮೆಯಂತಹ ನಮ್ಮ ದೇಶದ ಸಂರಕ್ಷಿತ ಆಮೆಗಳನ್ನು ಮನೆಯಲ್ಲಿ ಸಾಕುವುದು ಅಪರಾಧ.

ತೊಟ್ಟಿ ಹೇಗಿರಬೇಕು?
ಬೆಳೆಯುವ ಮರಿಗೆ ಸುಮಾರು 300 ಲೀಟರ್ ತೊಟ್ಟಿ ಬೇಕು. ದೊಡ್ಡದಾದ ಮೇಲೆ ಅದೂ ಸಾಲದು. 300 ಲೀಟರ್ ನೀರಿನ ತೂಕವೇ 300 ಕೆಜಿ. ಹಾಗಾಗಿ ಬಾಲ್ಕನಿಯಲ್ಲಿ ಇಡುವ ಮುನ್ನ ಎಂಜಿನಿಯರ್‌ ಸಲಹೆ ಪಡೆಯಿರಿ. ಈ ಆಮೆ ಈಜುವುದಕ್ಕಿಂತ ತಳದಲ್ಲಿ ನಡೆಯುವುದೇ ಹೆಚ್ಚು. ಆದ್ದರಿಂದ ಎತ್ತರಕ್ಕಿಂತ ಅಗಲ ಮುಖ್ಯ. ತಳದಲ್ಲಿ ನಿಂತು ಕತ್ತು ಚಾಚಿದರೆ ಮೂಗು ನೀರಿನ ಮೇಲೆ ಬರುವಷ್ಟು ಆಳ ಸಾಕು. ನುಂಗಬಹುದಾದ ಸಣ್ಣ ಕಲ್ಲು ಹಾಕಬೇಡಿ. ಶಕ್ತಿಶಾಲಿ ಫಿಲ್ಟರ್, ಅಡಗಲು ಜಾಗ, ಮೈ ಕಾಯಿಸಲು ಒಣ ಕಟ್ಟೆ, ಅದರ ಮೇಲೆ ಯುವಿಬಿ ದೀಪ ಇರಲಿ.

ದಿಲ್ಲಿ ಹವಾಮಾನದ ಸವಾಲು
ನೀರಿನ ಉಷ್ಣಾಂಶ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಮೇ-ಜೂನ್‌ನಲ್ಲಿ ತಾರಸಿ ಟ್ಯಾಂಕ್‌ನ ನೀರು ಸುಡುವಷ್ಟು ಬಿಸಿಯಾಗುತ್ತದೆ. ಅದನ್ನು ನೇರವಾಗಿ ಸುರಿಯಬೇಡಿ. ಬಕೆಟ್‌ನಲ್ಲಿ ಹಿಡಿದಿಟ್ಟು ತಣಿಸಿ, ಕ್ಲೋರಿನ್ ನಿವಾರಕ ಬೆರೆಸಿ ಬಳಸಿ. ಜನವರಿಯ ಚಳಿಯಲ್ಲಿ ಹೀಟರ್ ಬೇಕೇ ಬೇಕು. ಆಮೆ ಗುದ್ದಿ ಒಡೆಯದಂತೆ ಅದಕ್ಕೆ ರಕ್ಷಣಾ ಕವಚ ಹಾಕಿ.

ಮನೆಯವರ ಸುರಕ್ಷತೆ
ಇದರ ಕತ್ತು ಬಹಳ ಉದ್ದಕ್ಕೆ ಚಾಚುತ್ತದೆ, ಕಡಿತ ಬಲವಾದದ್ದು. ಬಾಲ ಹಿಡಿದು ಎತ್ತಿದರೆ ಆಮೆಯ ಬೆನ್ನುಹುರಿಗೆ ಪೆಟ್ಟಾಗಬಹುದು. ಆಮೆಗಳಿಂದ ಸಾಲ್ಮೊನೆಲ್ಲಾ ಸೋಂಕು ಹರಡುವ ಕಾರಣ ತೊಟ್ಟಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ತೊಟ್ಟಿಯ ಸಾಮಾನುಗಳನ್ನು ಅಡುಗೆಮನೆ ಸಿಂಕ್‌ನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳನ್ನು ದೂರವಿಡಿ.

ಸಾಕಲು ಆಗದಿದ್ದರೆ?
ಪಾಪವೆಂದು ಯಮುನೆಗೋ ಪಾರ್ಕಿನ ಕೆರೆಗೋ ಬಿಡಬೇಡಿ. ಸಿಕ್ಕಿದ್ದನ್ನೆಲ್ಲ ತಿನ್ನುವ ಈ ಆಮೆ ಸ್ಥಳೀಯ ಮೀನು, ಕಪ್ಪೆ, ಆಮೆಗಳಿಗೆ ಕುತ್ತು ತರಬಲ್ಲದು. ಅರಣ್ಯ ಇಲಾಖೆಗೆ ತಿಳಿಸುವುದೇ ಸರಿಯಾದ ದಾರಿ. ಇಷ್ಟು ಜವಾಬ್ದಾರಿ ಹೊರಲು ಆಗದು ಎನಿಸಿದರೆ, ಆ ಮರಿಯನ್ನು ಮನೆಗೆ ತರದಿರುವುದೇ ಒಳಿತು.